ಸಾಲಿಗೆ ಹೊಸ ಖೋಲಿ: ಶಾಸಕರ ಅನುದಾನನೋ, ಕಂಪನಿ ರೊಕ್ಕನೋ, ಊರ ಪಟ್ಟಿನೋ?

ಹಾವೇರಿ ಹತ್ರದ ನಮ್ಮೂರ ಸಾಲ್ಯಾಗ ಮೂರನೇತ್ತಾ ನಾಕನೇತ್ತಾ ಒಂದ ಖೋಲ್ಯಾಗ ಬೆನ್ನಿಗೆ ಬೆನ್ನು ಹಚ್ಚಿ ಕುಂತಾರ, ಈ ಗ್ವಾಡಿಗೆ ಒಂದು ಬೋರ್ಡು ಆ ಗ್ವಾಡಿಗೆ ಒಂದು, ಇಲ್ಲಿ ಮಗ್ಗಿ ಅಲ್ಲಿ ಪದ್ಯ. ಎಸ್‌ಡಿಎಂಸಿಯವರು (ಸಾಲಿ ಅಭಿವೃದ್ಧಿ ಸಮಿತಿಯವರು) ಯಾವ ದಾರಿ ಹಿಡೀಬೇಕು ಅಂತ ಕೇಳಾಕತ್ತಾರ, ಅದಕ್ಕ ಬರ್ಯಾಕತ್ತೀನಿ.

ಶಾಸಕರ ನಿಧಿ ವರ್ಷಕ್ಕ 2 ಕೋಟಿ, ಎಂಪಿದು 5 ಕೋಟಿ. ಕೇಳಾಕ ದೊಡ್ಡದು, ಆದ್ರ ರಸ್ತೆ, ಗುಡಿ ಮುಂದಿನ ಸಮುದಾಯ ಭವನ ಎಲ್ಲಾ ಅದರಾಗ ಬರ್ತಾವು, ನೀವು ಅರ್ಜಿ ಕೊಟ್ಟು ಬೆನ್ನು ಹತ್ತಲಿಲ್ಲ ಅಂದ್ರ ಮುಗೀತು.

ಸಿಎಸ್‌ಆರ್, ಅಂದ್ರ ಕಂಪನಿಗಳು ಸಮಾಜದ ಕೆಲಸಕ್ಕ ಹಾಕೂ ರೊಕ್ಕ, ಬ್ಯಾರೆ ಥರಾ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಾಗ 2% ಖರ್ಚು ಮಾಡಲೇಬೇಕು, ಶಿಕ್ಷಣನೂ ಅದರಾಗ ಐತಿ. ಕೆಲಸ ಲಗೂ ಆಗ್ತದ, ಆದ್ರ ಹೆಚ್ಚಾಗಿ ಫ್ಯಾಕ್ಟರಿ ಸುತ್ತಮುತ್ತಲಿನ ಊರಿಗೇ ಹೋಗ್ತದ, ಹುಬ್ಬಳ್ಳಿ-ಧಾರವಾಡದ ಮಗ್ಗಲಿದ್ರ ನೋಡ್ರಿ, ನಮ್ಮಂಥ ಒಳಗಿನ ಊರಿಗೆ ಕಷ್ಟ.

ಊರ ಪಟ್ಟಿ, ಅಂದ್ರ ಊರಾಗ ವಂತಿಗೆ ಎತ್ತೂದು? ಮೆಣಸಿನಕಾಯಿಗೆ ರೇಟ್ ಬಂದ ವರ್ಷ ಕೈ ಬಿಚ್ಚತಾರ, ಇಲ್ಲಾಂದ್ರ ಇಲ್ಲ. ಪೂರಾ ಖೋಲಿ ಇದರಾಗ ಏಳೂದಿಲ್ಲ, ಬೆಂಚು ಫ್ಯಾನು ಬರಬಹುದು.

ನನ್ನ ಕೇಳಿದ್ರ, ಖೋಲಿಗೆ ಶಾಸಕರ ಹತ್ರ ಹೋಗ್ರಿ, ಒಳಗಿನ ಸಾಮಾನಿಗೆ ಪಟ್ಟಿ ಹಾಕ್ರಿ. ಹೋಗೂಕಿಂತ ಮೊದಲ ಸಾಲಿ ಜಾಗದ ಉತಾರ (ಜಾಗದ ದಾಖಲೆ) ಯಾರ ಹೆಸರಿನ್ಯಾಗ ಐತಿ ನೋಡ್ಕೋರಿ, ನಮ್ಮದು ಇನ್ನೂ ದಾನ ಕೊಟ್ಟವರ ಅಜ್ಜನ ಹೆಸರಿನ್ಯಾಗ ಐತಿ.