ಪ್ಯಾಕ್‌ಮೇರ್ ಡಿಸೆಲರೇಟರ್: ಪ್ಯಾಡ್ ಚೆನ್ನಾಗಿದೆ, ಕೂರಿಸೋದೇ ಕಷ್ಟ

ರೈಫಲ್ ಒದೆಯುವ ಶಕ್ತಿಯನ್ನು, ಬಟ್ಟಿಗೆ (ಹೆಗಲಿಗೊರಗುವ ಹಿಂತುದಿಗೆ) ಕೂರಿಸುವ ಈ ಒಂದಿಂಚಿನ ರಬ್ಬರ್ ಪ್ಯಾಡ್ ಕಮ್ಮಿ ಮಾಡುವುದಿಲ್ಲ. ಅದೇ ಶಕ್ತಿ ತುಸು ನಿಧಾನವಾಗಿ, ಅಗಲವಾಗಿ ಹೆಗಲಿಗೆ ತಗಲುತ್ತದೆ, ಗುದ್ದಿದಂತಿದ್ದದ್ದು ತಳ್ಳಿದಂತಾಗುತ್ತದೆ. ಅಷ್ಟಕ್ಕೇ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲ.

ತೊಂದರೆಯೆಲ್ಲ ಅಳತೆಯಲ್ಲಿ. ಹಳೇ ಪ್ಯಾಡ್ ಅರ್ಧ ಇಂಚಿದ್ದರೆ, ಟ್ರಿಗರಿನಿಂದ ಬಟ್ಟಿನವರೆಗಿನ ಉದ್ದ 13.5 ಇಂಚಿನಿಂದ 14ಕ್ಕೆ ಏರುತ್ತದೆ. ದಪ್ಪ ಜಾಕೆಟ್ ಹಾಕಿಕೊಂಡು ಎತ್ತಿದಾಗ ಬಟ್ ಕಂಕುಳಿಗೆ ಸಿಕ್ಕಿಕೊಳ್ಳುವುದು ಇದರಿಂದಲೇ. ಆ ಅರ್ಧ ಇಂಚನ್ನು ಸ್ಟಾಕಿನ ಮರದಲ್ಲೇ ಕೊಯ್ಯಬೇಕು: ಸುತ್ತ ಮಾಸ್ಕಿಂಗ್ ಟೇಪ್ ಬಿಗಿದು ಸಣ್ಣ ಹಲ್ಲಿನ ಗರಗಸ ಹಿಡಿಯಿರಿ, ಇಲ್ಲವಾದರೆ ಅಂಚು ಸಿಬಿರೇಳುತ್ತದೆ. ಹಳೇ ತೂತು ಹೊಸ ಸ್ಕ್ರೂಗೆ ಹೊಂದದಿದ್ದರೆ ಎಪಾಕ್ಸಿ ಹಚ್ಚಿದ ಮರದ ಗೂಟ ಬಡಿದು ಮುಚ್ಚಿ.

ಸ್ಕ್ರೂಗೂ ಸ್ಕ್ರೂಡ್ರೈವರಿಗೂ ಸೋಪು ಸವರಿ. ಒಣಗಿದ್ದನ್ನೇ ತಿರುಗಿಸಿದರೆ ಸ್ಕ್ರೂ ತೂರುವ ರಬ್ಬರಿನ ಸೀಳು ಹರಿದು ಬಾಯಿ ಬಿಡುತ್ತದೆ, ಆಮೇಲೆ ಮುಚ್ಚಿಸಲಾಗದು. ಬಟ್ಟಿನ ಅಂಚನ್ನು ಪ್ಯಾಡಿನ ತಳದ ಮೇಲೆ ಗೀರಿ, ಬಿಚ್ಚಿ, ಬೆಲ್ಟ್ ಸ್ಯಾಂಡರಿನಲ್ಲಿ ಮೊದಲು 80, ಕೊನೆಗೆ 120 ಗ್ರಿಟ್ ಪಟ್ಟಿಯಿಂದ ಆ ಗೀರಿನವರೆಗೆ ಉಜ್ಜಿ. ಒತ್ತಿ ಹಿಡಿದರೆ ರಬ್ಬರ್ ಕರಗಿ ಅಂಟಂಟಾಗುತ್ತದೆ. ಕೆಳತುದಿಯನ್ನು ಸ್ಟಾಕಿನ ಓರೆಗೇ ಉಜ್ಜಬೇಕು. ಅವಸರದವರು ಕೆಡಿಸುವುದು ಇಲ್ಲೇ.

ಉದ್ದ ಬದಲಾದರೆ ಸ್ಕೋಪನ್ನೂ (ಗುರಿ ನೋಡುವ ದುರ್ಬೀನು) ಸರಿಸಿ, ಉದ್ದ ಕಮ್ಮಿಯಾಗಿದ್ದರೆ ಹುಬ್ಬಿಗೆ ಏಟು ಬೀಳಬಹುದು. ಟ್ರಿಗರನ್ನೂ ಹಗುರ ಮಾಡುವ ಆಸೆಯಿದ್ದರೆ, ಬೇಟೆ ರೈಫಲ್ಲಿಗೆ ಮೂರು ಪೌಂಡ್ ಎಳೆತ ಸಾಕು. ಟ್ರಿಗರಿನ ಸ್ಕ್ರೂ ತಿರುಗಿಸಿದ ಮೇಲೆ ಖಾಲಿ ರೈಫಲ್ಲಿನ ಬೋಲ್ಟನ್ನು (ಗುಂಡಿನ ಕೋಣೆ ಮುಚ್ಚುವ ಅಗುಳಿ) ಹತ್ತಾರು ಸಲ ಜೋರಾಗಿ ಮುಚ್ಚಿ ನೋಡಿ. ಟ್ರಿಗರ್ ಎಳೆಯದೇ ಒಮ್ಮೆ ಫೈರಿಂಗ್ ಪಿನ್ ತಾನಾಗಿ ಬಿದ್ದರೂ ಗನ್‌ಸ್ಮಿತ್ ಕೈಗೇ ಕೊಡಿ.