ಲಂಡನ್ನಿನಲ್ಲಿ ಸೆಕೆಂಡ್‌ಹ್ಯಾಂಡ್ ಕಾರು: ಪೆಟ್ರೋಲೋ, ಡೀಸೆಲೋ?

ದಿನಕ್ಕೆ ನಾಲ್ಕೈದು ಮೈಲಿ, ಅದೂ ಶಾಲೆ, ಸೂಪರ್‌ಮಾರ್ಕೆಟ್ಟಿನ ಓಡಾಟವೇ ಆದರೆ ಪೆಟ್ರೋಲ್ ತಗೊಳ್ಳಿ. ಡೀಸೆಲ್ಲಿನ ಮೈಲೇಜ್ ಲಾಭ ಅಲ್ಲಿ ಕೈಗೆ ಹತ್ತುವುದಿಲ್ಲ.

ಕಾರಣ ಡೀಸೆಲ್ ಕಾರಿನ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಹಿಡಿದ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಕಾವು ಬೇಕು. ಮೋಟಾರ್‌ವೇಯಲ್ಲಿ ಹದಿನೈದಿಪ್ಪತ್ತು ನಿಮಿಷ ಒಂದೇ ಸಮನೆ ಓಡಿದರೆ ಕೆಲಸ ಮುಗಿಯುತ್ತದೆ. ಪದೇ ಪದೇ ನಡುವೆಯೇ ಎಂಜಿನ್ ಆಫ್ ಮಾಡಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಜೊತೆಗೆ, ಮಸಿ ಸುಡಲೆಂದು ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್ ಹಲವು ಎಂಜಿನ್‌ಗಳಲ್ಲಿ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ, ಅಂದರೆ ಆಯಿಲ್ ಅಳೆಯುವ ಕಡ್ಡಿಯಲ್ಲಿ, ಆಯಿಲ್ ಮಟ್ಟ ತಾನಾಗಿ ಏರಿದ್ದರೆ ಖುಷಿಪಡಬೇಡಿ, ಬದಲಿಸಿ. ಫಿಲ್ಟರ್ ಕಿತ್ತುಹಾಕಿದ ಗಾಡಿ ಅಗ್ಗಕ್ಕೆ ಸಿಕ್ಕೀತು. ಆದರೆ ಎಂಒಟಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವೇ ಎಂದು ವರ್ಷಕ್ಕೊಮ್ಮೆ ನೋಡುವ ತಪಾಸಣೆಯಲ್ಲಿ ಅದು ಫೇಲ್.

ಪೆಟ್ರೋಲೂ ಪೂರ್ತಿ ನಿಶ್ಚಿಂತೆಯಲ್ಲ. ಕೆಲವು ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಪಟ್ಟಿ) ಆಯಿಲ್‌ನಲ್ಲೇ ನೆನೆದು ಓಡುತ್ತದೆ. ಬೆಲ್ಟ್ ಸವೆದು ಉದುರಿದ ಚೂರು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಎಂಜಿನ್ನೇ ಹೋದೀತು. ಕಂಪನಿ ಹೇಳಿದ ದರ್ಜೆಯ ಆಯಿಲ್ಲನ್ನೇ ಹಾಕಿಸಿದ ಬಿಲ್ ಕೇಳಿ ನೋಡಿ.

ಇನ್ನು ಯೂಲೆಜ್ (ULEZ), ಅಂದರೆ ಹೆಚ್ಚು ಹೊಗೆಯುಗುಳುವ ಗಾಡಿಗಳಿಗೆ ಶುಲ್ಕ ಹಾಕುವ ವಲಯ. 2023ರ ಆಗಸ್ಟ್‌ನಿಂದ ಲಂಡನ್ನಿನ ಎಲ್ಲ ಬರೋಗಳಿಗೂ (ಆಡಳಿತ ವಿಭಾಗಗಳಿಗೂ) ಅನ್ವಯ. ಹೊಗೆ ಮಿತಿಯ ಯುರೋಪಿಯನ್ ಮಾನದಂಡದಲ್ಲಿ ಪೆಟ್ರೋಲ್ ಕಾರು ಯೂರೋ 4, ಡೀಸೆಲ್ ಕಾರು ಯೂರೋ 6 ಮಟ್ಟದಲ್ಲಿರಬೇಕು. ಇಲ್ಲದಿದ್ದರೆ ಓಡಿಸಿದ ದಿನಕ್ಕೆ 12.50 ಪೌಂಡ್. ಹಾಗಾಗಿ 2010ರ ಪೆಟ್ರೋಲ್ ಕಾರು ಸಾಮಾನ್ಯವಾಗಿ ಪಾರು, ಅದೇ ವರ್ಷದ ಡೀಸೆಲ್‌ಗೆ ದಂಡಿಯಾಗಿ ಖರ್ಚು.

ವರ್ಷಕ್ಕೆ ಹದಿನೈದು ಸಾವಿರ ಮೈಲಿ, ಬಹುಪಾಲು ಮೋಟಾರ್‌ವೇ ಅನ್ನುವವರಿಗೆ ಮಾತ್ರ ಯೂರೋ 6 ಡೀಸೆಲ್ ಸರಿ. ಅಂಥ ಬಹಳಷ್ಟು ಗಾಡಿಗಳಿಗೆ ಆಡ್‌ಬ್ಲೂ, ಅಂದರೆ ಹೊಗೆಯ ವಿಷಾನಿಲ ತಗ್ಗಿಸುವ ದ್ರವ, ತುಂಬಿಸುತ್ತಿರಬೇಕು. ಅದು ಪೂರ್ತಿ ಖಾಲಿಯಾದರೆ, ಒಮ್ಮೆ ಆಫ್ ಮಾಡಿದ ಗಾಡಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ.