ದೊಡ್ಡ ಡಾಕ್ಟರಿಗೂ ಹೆದರದ ರೋಬೋ: ಐದಕ್ಕೆ ಮೂರು ಸ್ಟಾರ್

ನಮ್ಮ ವಾರ್ಡಿನ ಬಾಗಿಲಲ್ಲಿ ಕೈ ಶುಚಿ ಮಾಡಿಕೊಳ್ಳಲು ನೆನಪಿಸುವ ಈ ರೋಬೋ ನಿಂತು ವರ್ಷದ ಮೇಲಾಯ್ತು. ಕ್ಯಾಮೆರಾ, ಬ್ಯಾಟರಿ ವಿವರವೆಲ್ಲ ಬ್ರೋಷರಿನಲ್ಲೇ ಇದೆ, ಬಿಡಿ. ನಾನು ನರ್ಸ್. ನನಗೆ ಇದು ಹಿಡಿಸಿದ್ದು ಒಂದೇ ಕಾರಣಕ್ಕೆ. ಎದುರಿಗೆ ಯಾರೇ ಬರಲಿ, 'ಸ್ಯಾನಿಟೈಸರ್ ಹಾಕಿಕೊಳ್ಳಿ' ಅಂದೇಬಿಡುತ್ತದೆ.

ರೌಂಡ್ಸ್‌ಗೆ ಬಂದ ಸೀನಿಯರ್‌ಗೆ 'ಸರ್, ಕೈ...' ಅಂತ ನಾವು ಹೇಳಿ ನೋಡಿ. ಡ್ಯೂಟಿ ಮುಗಿಯುವ ತನಕ ಮುಖ ಗಂಟು. ಇದು ಹೇಳಿದರೆ ಮಾತ್ರ ನಕ್ಕು ಕೈ ಒಡ್ಡುತ್ತಾರೆ. ಹಿಂದಿರುವ ಪಿಜಿಗಳೂ (ಸ್ನಾತಕೋತ್ತರ ಓದುತ್ತಿರುವ ಕಿರಿಯ ಡಾಕ್ಟರುಗಳು) ಸಾಲಾಗಿ ಒಡ್ಡುತ್ತಾರೆ. ಆಮೇಲೆ ಅದು ಕಣ್ಣು ಮಿಟುಕಿಸುತ್ತಾ ಇಪ್ಪತ್ತರವರೆಗೆ ಎಣಿಸುತ್ತದೆ. ಬೆಳಗಿನ ಪಾಳಿಯಲ್ಲಿ ನಾನೂ ಜೊತೆಗೇ ಉಜ್ಜುತ್ತೇನೆ: ಅಂಗೈ, ಹಿಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರ ತುದಿ. ಹೆಬ್ಬೆರಳು ಜಾಸ್ತಿ ಜನಕ್ಕೆ ಮರೆತೇ ಹೋಗುತ್ತದೆ. ವಿಸಿಟಿಂಗ್ ಅವರ್ಸ್‌ನಲ್ಲಿ ಬರುವ ಅಜ್ಜಿಯೊಬ್ಬರು 'ಆಯ್ತಪ್ಪಾ, ಉಜ್ಜಿದೆ' ಅಂತ ಅದಕ್ಕೆ ಉತ್ತರ ಬೇರೆ ಕೊಡುತ್ತಾರೆ.

ವಯನಾಡಿನ ಪ್ರೈಮರಿ ಶಾಲೆಯೊಂದರಲ್ಲಿ 2019ರಲ್ಲಿ 'ಪೆಪೆ' ಅನ್ನೋ ಹಸಿರು ರೋಬೋ ಇಟ್ಟು ಮಕ್ಕಳಿಗೆ ಕೈ ತೊಳೆಯೋದು ಕಲಿಸಿದ್ದರು. ಗ್ಲಾಸ್ಗೋ ಮತ್ತು ಅಮೃತ ವಿಶ್ವವಿದ್ಯಾಲಯದವರ ಕೆಲಸ. ಆದರೆ ಅದನ್ನು ಗೋಡೆಗೆ ಹಾಕಿದ್ದು ಕೈ ತೊಳೆಯುವ ಜಾಗದಲ್ಲೇ.

ನಮ್ಮದು ನಿಂತಿರೋದು ಬಾಗಿಲಲ್ಲಿ. ನನ್ನ ಸಿಟ್ಟೆಲ್ಲ ಇಲ್ಲೇ. ಕೈ ಶುಚಿ ಮಾಡಲೇಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಸಂದರ್ಭಗಳಲ್ಲಿ ಬಾಗಿಲು ದಾಟೋದು ಇಲ್ಲವೇ ಇಲ್ಲ. ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ, ಕ್ಯಾತಿಟರ್‌ನಂಥದ್ದಕ್ಕೆ (ದೇಹದೊಳಗೆ ಹಾಕುವ ನಳಿಕೆ) ಕೈ ಹಾಕುವ ಮೊದಲು, ರಕ್ತ-ಮೂತ್ರ ತಾಗುವ ಕೆಲಸವಾದ ಮೇಲೆ, ರೋಗಿಯ ಮಂಚ-ಲಾಕರ್ ಮುಟ್ಟಿದ ಮೇಲೆ. ಎಲ್ಲವೂ ಮಂಚದ ಹತ್ತಿರವೇ. ಬಾಗಿಲಲ್ಲಿ ಶಿಸ್ತಾಗಿ ಉಜ್ಜಿದ ಅದೇ ಸರ್, ನಾಲ್ಕನೇ ಬೆಡ್‌ನ ಗಾಯ ಒತ್ತಿ ನೋಡಿ ಸೀದಾ ಐದನೆಯದಕ್ಕೆ ಹೋಗುತ್ತಾರೆ. ರೋಬೋಗೆ ಕಾಣಲ್ಲ. ನಾವು ಮತ್ತೆ ಬಾಯಿ ಮುಚ್ಚಿಕೊಂಡು ನಿಲ್ಲೋದು. ಸಿ. ಡಿಫ್ ಅನ್ನೋ ಬ್ಯಾಕ್ಟೀರಿಯಾದಿಂದ ಬರುವ ಭೇದಿಯ ರೋಗಿ ಇದ್ದಾಗಲೂ ಇದು ಸ್ಯಾನಿಟೈಸರ್‌ಗೇ 'ಶಹಬ್ಬಾಸ್' ಅನ್ನುತ್ತದೆ. ಆ ರೋಗಾಣುವಿನ ಬೀಜಕಣ ಆಲ್ಕೋಹಾಲ್‌ಗೆ ಸಾಯಲ್ಲ, ಸೋಪು-ನೀರೇ ಬೇಕು.

ರಾತ್ರಿ ಇದರ ದನಿಗೆ ರೋಗಿಗಳು ಎದ್ದು ಕೂರುತ್ತಾರೆ, ಹಾಗಾಗಿ ಹತ್ತಕ್ಕೆ ಪ್ಲಗ್ ಕೀಳುತ್ತೇವೆ.

ಬಜೆಟ್ ಕಮ್ಮಿ ಇರುವವರು ಮೊದಲು ಪ್ರತಿ ಮಂಚಕ್ಕೂ ಒಂದು ಸ್ಯಾನಿಟೈಸರ್ ಬಾಟಲಿ ತೂಗುಹಾಕಿ. ಮೊಣಕೈಯಲ್ಲಿ ತಿರುಗಿಸುವ ನಲ್ಲಿ ಹಾಕಿಸಿ. ದುಡ್ಡು ಉಳಿದರೆ ಇದನ್ನು ತನ್ನಿ. ಕಂಪನಿಯವರು ಓದುತ್ತಿದ್ದರೆ ಒಂದು ಮಾತು: ರೌಂಡ್ಸ್ ಟ್ರಾಲಿಗೆ ಕಟ್ಟುವಷ್ಟು ಚಿಕ್ಕದು ಮಾಡಿಕೊಡಿ, ಸರ್ ಜೊತೆ ಮಂಚದಿಂದ ಮಂಚಕ್ಕೆ ಬರಲಿ. ಆಗ ಐದಕ್ಕೆ ಐದೂ ಕೊಡುತ್ತೇನೆ.